ಅಪವರ್ತನ ಮತ್ತು ಏಕಮಾನ ವೃತ್ತ: ತ್ರಿಕೋನಮಿತಿ ಸಮೀಕರಣಗಳನ್ನು ಬಿಡಿಸುವ ಬಗೆ

ಮುಂಬಯಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಜೂನಿಯರ್ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಸೇರುವ ನಮ್ಮ ಮಕ್ಕಳಿಗೆ ಎರಡು ಬದಲಾವಣೆಗಳು ಒಮ್ಮೆಲೇ ಎದುರಾಗುತ್ತವೆ. ಪಾಠದ ಭಾಷೆ ಇಂಗ್ಲಿಷಾಗುತ್ತದೆ. ಅಲ್ಲಿಯವರೆಗೆ ಲಂಬಕೋನ ತ್ರಿಭುಜದೊಳಗೇ ಇದ್ದ ತ್ರಿಕೋನಮಿತಿ ವೃತ್ತದ ಮೇಲೆ ಸುತ್ತತೊಡಗುತ್ತದೆ. ಭಾಷೆಗೆ ಕೆಲವು ತಿಂಗಳಲ್ಲಿ ಹೊಂದಿಕೊಳ್ಳುವ ಜಾಣ ಮಕ್ಕಳೂ ವೃತ್ತದ ಬಳಿ ತಡವರಿಸುತ್ತಾರೆ. ಮಹಾರಾಷ್ಟ್ರ ಮಂಡಳಿಯ ಹನ್ನೆರಡನೆಯ ತರಗತಿಯಲ್ಲಿ ತ್ರಿಕೋನಮಿತಿ ಸಮೀಕರಣಗಳು ಬಂದಾಗ ಈ ತಡವರಿಕೆ ಉತ್ತರಪತ್ರಿಕೆಯಲ್ಲಿ ಎದ್ದು ಕಾಣುತ್ತದೆ: ಬೀಜಗಣಿತವೆಲ್ಲ ಸರಿಯಾಗಿರುತ್ತದೆ, ಆದರೆ ನಾಲ್ಕು ಉತ್ತರಗಳಿರಬೇಕಾದಲ್ಲಿ ಒಂದೋ ಎರಡೋ ಇರುತ್ತವೆ. ಆ ಮಕ್ಕಳಿಗಾಗಿಯೂ, ಮನೆಯಲ್ಲಿ ಅವರ ಪಕ್ಕ ಕುಳಿತು ಕನ್ನಡದಲ್ಲಿ ಹೇಳಿಕೊಡಬಯಸುವ ಅಕ್ಕ, ಅಣ್ಣ, ತಂದೆತಾಯಿಯರಿಗಾಗಿಯೂ ಈ ವಿವರಣೆಯನ್ನು ಬರೆಯುತ್ತಿದ್ದೇನೆ.

ಇಂಥ ಸಮೀಕರಣವನ್ನು ಬಿಡಿಸುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಅವೆರಡನ್ನೂ ಬೆರೆಸಬಾರದು ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು. ಮೊದಲನೆಯದು ಬೀಜಗಣಿತದ ಕೆಲಸ. ಅಪವರ್ತನದ ಮೂಲಕ ಸಮೀಕರಣವನ್ನು ಒಡೆದು ‘ಸೈನ್ ಇಷ್ಟು’ ಅಥವಾ ‘ಕಾಸ್ ಇಷ್ಟು’ ಎಂಬ ಸರಳ ಹೇಳಿಕೆಗೆ ಇಳಿಸುವುದು. ಎರಡನೆಯದು ರೇಖಾಗಣಿತದ ಕೆಲಸ. ಆ ಸಂಖ್ಯೆಯನ್ನು ವೃತ್ತದ ಬಳಿಗೆ ಒಯ್ದು, ಅದಕ್ಕೆ ಹೊಂದುವ ಎಲ್ಲ ಕೋನಗಳನ್ನೂ ಓದಿಕೊಳ್ಳುವುದು. ಮೊದಲ ಕೆಲಸ ಮುಗಿಯುವವರೆಗೆ ಕೋನದ ಯೋಚನೆ ಬೇಡ. ಎರಡನೆಯದಕ್ಕೆ ಕೈಹಾಕಿದ ಮೇಲೆ ಬೀಜಗಣಿತದತ್ತ ತಿರುಗಿ ನೋಡುವ ಅಗತ್ಯವಿಲ್ಲ.

ಇಲ್ಲಿ ಕೋನವನ್ನು ‘ಕ’ ಎಂದೂ, ಯಾವುದೇ ಪೂರ್ಣಾಂಕವನ್ನು ‘ನ’ ಎಂದೂ ಬರೆಯುತ್ತೇನೆ. ಬೇರೆ ಸೂಚನೆಯಿಲ್ಲದಿದ್ದರೆ ಉತ್ತರಗಳನ್ನು ಒಂದು ಸುತ್ತಿನೊಳಗೆ, ಅಂದರೆ 0° ಸೇರಿದಂತೆ 360°ಗಿಂತ ಕಡಿಮೆ ಇರುವ ಕೋನಗಳಲ್ಲಿ ಹುಡುಕುತ್ತೇವೆ. ಮಂಡಳಿಯ ಪುಸ್ತಕ ‘ಪ್ರಿನ್ಸಿಪಲ್ ಸೊಲ್ಯೂಷನ್’ ಎಂದು ಕರೆಯುವುದು ಇವುಗಳನ್ನೇ. ಪರೀಕ್ಷೆಯಲ್ಲಿ ರೇಡಿಯನ್ ಬೇಕಾದರೆ 180° ಎಂದರೆ ಪೈ ರೇಡಿಯನ್ ಎಂಬ ಒಂದೇ ಸಂಗತಿ ಸಾಕು: 30° ಪೈ/6 ಆಗುತ್ತದೆ, 45° ಪೈ/4, 60° ಪೈ/3.

ವೃತ್ತವನ್ನು ಓದುವುದು

ಒಂದು ಗ್ರಾಫ್ ಹಾಳೆಯನ್ನು ತೆಗೆದುಕೊಂಡು, ಅಡ್ಡ ಅಕ್ಷ ಮತ್ತು ಲಂಬ ಅಕ್ಷಗಳನ್ನು ಎಳೆದು, ಅವು ಕೂಡುವ ಬಿಂದುವಿನಲ್ಲಿ ಕೈವಾರದ ಮೊನೆಯಿಟ್ಟು 5 ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನು ರಚಿಸಿ. ಈ 5 ಸೆಂಟಿಮೀಟರನ್ನೇ ಒಂದು ಮಾನವೆಂದು ಎಣಿಸಿದರೆ ಅದು ಏಕಮಾನ ವೃತ್ತ, ಕಾಲೇಜಿನಲ್ಲಿ ‘ಯೂನಿಟ್ ಸರ್ಕಲ್’ ಎಂದು ಕೇಳುವ ಅದೇ ವೃತ್ತ. ಬಲಗಡೆಯ ತುದಿಯಿಂದ ಹೊರಟು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕ ಕೋನದಷ್ಟು ತಿರುಗಿ ನಿಂತ ಬಿಂದುವನ್ನು ಗಮನಿಸಿ. ಅಡ್ಡ ಅಕ್ಷದಿಂದ ಆ ಬಿಂದುವಿಗಿರುವ ಎತ್ತರವೇ ಸೈನ್ ಕ. ಲಂಬ ಅಕ್ಷದಿಂದ ಅದು ಎಷ್ಟು ಬಲಕ್ಕಿದೆ ಎಂಬುದೇ ಕಾಸ್ ಕ. ಬಿಂದು ಕೆಳಗಿದ್ದರೆ ಸೈನ್ ಋಣ, ಎಡಕ್ಕಿದ್ದರೆ ಕಾಸ್ ಋಣ. ಯಾವ ಚತುರ್ಥಕದಲ್ಲಿ ಯಾವುದು ಧನ, ಯಾವುದು ಋಣ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯ ಇಲ್ಲಿಗೆ ಮುಗಿಯಿತು.

ಈಗ ‘ಸೈನ್ ಕ = 1/2’ ಎಂಬ ಹೇಳಿಕೆಗೆ ಅರ್ಥವೇನು? ಅಡ್ಡ ಅಕ್ಷದಿಂದ ಅರ್ಧ ಮಾನ, ಅಂದರೆ ನಿಮ್ಮ ಹಾಳೆಯಲ್ಲಿ 2.5 ಸೆಂಟಿಮೀಟರ್ ಮೇಲಕ್ಕೆ, ಅಳತೆಪಟ್ಟಿಯಿಟ್ಟು ಒಂದು ಅಡ್ಡಗೆರೆ ಎಳೆಯಿರಿ. ಅದು ವೃತ್ತವನ್ನು ಬಲಗಡೆ ಒಮ್ಮೆ, ಎಡಗಡೆ ಒಮ್ಮೆ ಕತ್ತರಿಸುತ್ತದೆ. ಕೋನಮಾಪಕದಿಂದ ಅಳೆದರೆ 30° ಮತ್ತು 150° ಸಿಗುತ್ತವೆ. ಹಾಗೆಯೇ ‘ಕಾಸ್ ಕ = 1/2’ ಎಂದರೆ 2.5 ಸೆಂಟಿಮೀಟರ್ ಬಲಕ್ಕೆ ನಿಂತ ನೆಟ್ಟಗಿನ ಗೆರೆ; ಅದು ವೃತ್ತವನ್ನು ಮೇಲೆ 60°ಯಲ್ಲಿ, ಕೆಳಗೆ 300°ಯಲ್ಲಿ ಕತ್ತರಿಸುತ್ತದೆ. ಸೈನ್‌ಗೆ ಅಡ್ಡಗೆರೆ, ಕಾಸ್‌ಗೆ ನೆಟ್ಟಗೆರೆ. ಟ್ಯಾನ್ ಕ ಎಂದರೆ ಸೈನ್ ಕ / ಕಾಸ್ ಕ; ಆದ್ದರಿಂದ ‘ಟ್ಯಾನ್ ಕ = 1’ ಎಂಬುದು ಎತ್ತರವೂ ಅಡ್ಡ ದೂರವೂ ಸಮವಾಗಿರುವ, ಕೇಂದ್ರದ ಮೂಲಕವೇ ಹಾದುಹೋಗುವ ಓರೆಗೆರೆ; ಅದು ವೃತ್ತವನ್ನು ಎದುರುಬದುರಾಗಿ 45° ಮತ್ತು 225°ಯಲ್ಲಿ ಕತ್ತರಿಸುತ್ತದೆ.

ಒಂದೇ ಎತ್ತರಕ್ಕೆ ಎರಡು ಕೋನಗಳು ಏಕೆ ಎಂದು ಕೇಳುವ ಮಕ್ಕಳಿಗೆ ಈ ಊರಿನ ಸಮುದ್ರವನ್ನೇ ತೋರಿಸಬಹುದು. ಮುಂಬಯಿಯ ಕಡಲು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಏರಿ ಇಳಿಯುತ್ತದೆ. ದೋಣಿ ಹತ್ತುವ ಕಟ್ಟೆಯಾದ ಭಾವುಚಾ ಧಕ್ಕಾದ ಮೆಟ್ಟಿಲುಗಳಲ್ಲಿ ನಡುವಿನ ಒಂದನ್ನು ಗುರುತಿಟ್ಟುಕೊಂಡರೆ, ನೀರು ಅದನ್ನು ಏರುವಾಗ ಒಮ್ಮೆ ಮುಟ್ಟುತ್ತದೆ, ಇಳಿಯುವಾಗ ಇನ್ನೊಮ್ಮೆ ಮುಟ್ಟುತ್ತದೆ. ಕ್ಯಾಲ್ಕುಲೇಟರು ಏರುವ ಹೊತ್ತನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಸೈನ್‌ನ ವಿಲೋಮವನ್ನು ಕೇಳಿದಾಗ ಅದು ಯಾವಾಗಲೂ −90°ಯಿಂದ 90°ಯೊಳಗಿನ ಒಂದೇ ಕೋನವನ್ನು ಕೊಡುತ್ತದೆ. ಉಳಿದದ್ದನ್ನು ವೃತ್ತದಿಂದಲೇ ತರಬೇಕು.

ನೆನಪಿಡಬೇಕಾದ ಬೆಲೆಗಳು ಬಹಳ ಕಡಿಮೆ. 0°, 30°, 45°, 60°, 90°ಗಳ ಸೈನ್ ಕ್ರಮವಾಗಿ 0, 1/2, √2/2, √3/2, 1. ಕಾಸ್ ಇದೇ ಸಾಲು ಹಿಂದುಮುಂದಾಗಿ. ಉಳಿದ ಮೂರು ಚತುರ್ಥಕಗಳು ಮೊದಲನೆಯದರ ಪ್ರತಿಬಿಂಬಗಳು: ಮೊದಲನೆಯದರಲ್ಲಿ 30° ಇದ್ದರೆ ಎಡಕ್ಕೆ 150°, ಅದರ ಕೆಳಗೆ 210°, ಬಲಕ್ಕೆ ಕೆಳಗೆ 330°.

ಮೊದಲ ಸಮೀಕರಣ

2 ಸೈನ್² ಕ − ಸೈನ್ ಕ − 1 = 0

ಇಲ್ಲಿ ಸೈನ್ ಕ ಎಂಬುದನ್ನು ಸ್ವಲ್ಪ ಹೊತ್ತು ಯ ಎಂದು ಕರೆಯಿರಿ. ಆಗ ಉಳಿಯುವುದು ಹತ್ತನೆಯ ತರಗತಿಯಲ್ಲಿ ಕಂಡ ವರ್ಗ ಸಮೀಕರಣ:

2ಯ² − ಯ − 1 = 0

ನಡುವಿನ ಪದವನ್ನು ಒಡೆಯಬೇಕು. ಗುಣಿಸಿದರೆ −2, ಕೂಡಿಸಿದರೆ −1 ಬರುವ ಸಂಖ್ಯೆಗಳು −2 ಮತ್ತು 1.

2ಯ² − 2ಯ + ಯ − 1 = 2ಯ(ಯ − 1) + 1(ಯ − 1) = (ಯ − 1)(2ಯ + 1) = 0

ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾದರೆ ಅವುಗಳಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು. ಆದ್ದರಿಂದ ಯ = 1 ಅಥವಾ ಯ = −1/2. ಬೀಜಗಣಿತ ಇಲ್ಲಿಗೆ ಮುಗಿಯಿತು. ಯ ತೆಗೆದು ಸೈನ್ ಕ ಎಂದು ಮತ್ತೆ ಬರೆದು ವೃತ್ತಕ್ಕೆ ಹೋಗಿ.

ಸೈನ್ ಕ = 1 ಎಂಬ ಅಡ್ಡಗೆರೆ ವೃತ್ತದ ನೆತ್ತಿಯನ್ನು ಮುಟ್ಟುತ್ತದಷ್ಟೇ, ಕತ್ತರಿಸುವುದಿಲ್ಲ; ಆದ್ದರಿಂದ ಒಂದೇ ಉತ್ತರ, 90°. ಸೈನ್ ಕ = −1/2 ಎಂಬುದು ಅರ್ಧ ಮಾನ ಕೆಳಗಿನ ಗೆರೆ; ಅದು 210° ಮತ್ತು 330°ಯಲ್ಲಿ ಕತ್ತರಿಸುತ್ತದೆ. ಒಟ್ಟು ಮೂರು ಉತ್ತರಗಳು: 90°, 210°, 330°. ಹಾಳೆಯ ಮೇಲೆ ಈ ಮೂರು ಬಿಂದುಗಳನ್ನು ಜೋಡಿಸಿ ನೋಡಿ. ಒಂದಕ್ಕೊಂದು 120° ಅಂತರದಲ್ಲಿರುವ ಅವು ಸಮಬಾಹು ತ್ರಿಭುಜವಾಗುತ್ತವೆ.

ಬಲಬದಿಯಲ್ಲಿ ಸೊನ್ನೆ ಇರಲೇಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಇದೇ ಸಮೀಕರಣವನ್ನು ‘ಸೈನ್ ಕ (2 ಸೈನ್ ಕ − 1) = 1’ ಎಂದು ಬರೆದು, ಎರಡು ಅಪವರ್ತನಗಳನ್ನೂ 1ಕ್ಕೆ ಸಮವೆಂದು ಇಟ್ಟುಬಿಡುವವರಿದ್ದಾರೆ. ಹಾಗೆ ಮಾಡಿದಾಗ ಎರಡೂ ಕಡೆಯಿಂದ ಸೈನ್ ಕ = 1 ಎಂದೇ ಬರುತ್ತದೆ, 90° ಎಂಬ ಉತ್ತರ ಸರಿಯಾಗಿಯೂ ಇರುತ್ತದೆ, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ; ಆದರೆ 210° ಮತ್ತು 330° ಸದ್ದಿಲ್ಲದೆ ಕಳೆದುಹೋಗಿರುತ್ತವೆ. ಗುಣಲಬ್ಧ 1 ಆಗಲು ಎರಡೂ ಸಂಖ್ಯೆಗಳು 1 ಆಗಿರಬೇಕಿಲ್ಲ: −1/2 ಮತ್ತು −2 ಇವುಗಳ ಗುಣಲಬ್ಧವೂ 1 ಆಗುತ್ತದೆ. ಸೊನ್ನೆಗೆ ಇರುವ ಈ ಗುಣ ಬೇರೆ ಯಾವ ಸಂಖ್ಯೆಗೂ ಇಲ್ಲ.

ಭಾಗಿಸಿ ಹಗುರ ಮಾಡಿಕೊಳ್ಳುವ ಆಸೆ

ಸೈನ್ 2ಕ = ಕಾಸ್ ಕ

ಎಡಬದಿಯನ್ನು 2 ಸೈನ್ ಕ ಕಾಸ್ ಕ ಎಂದು ಬರೆದ ಕೂಡಲೇ ಎರಡೂ ಬದಿಯಲ್ಲಿ ಕಾಸ್ ಕ ಕಾಣುತ್ತದೆ, ಕೈ ತಾನಾಗಿಯೇ ಅದನ್ನು ಹೊಡೆದುಹಾಕುತ್ತದೆ. ಉಳಿಯುವುದು 2 ಸೈನ್ ಕ = 1, ಉತ್ತರಗಳು 30° ಮತ್ತು 150°. ಆದರೆ ಕಾಸ್ ಕ ಸೊನ್ನೆಯಾಗಿದ್ದರೆ ಅದರಿಂದ ಭಾಗಿಸುವ ಹಕ್ಕು ನಮಗೆ ಇರಲಿಲ್ಲ, ಮತ್ತು ಅದು ಸೊನ್ನೆಯಾಗುವ ಕೋನಗಳಲ್ಲಿ ಸಮೀಕರಣ ಸರಿಹೋಗುತ್ತದೆ. ಎಲ್ಲವನ್ನೂ ಒಂದೇ ಬದಿಗೆ ತಂದು ಸಾಮಾನ್ಯ ಅಪವರ್ತನವನ್ನು ಹೊರತೆಗೆಯುವುದೇ ಸರಿಯಾದ ದಾರಿ:

2 ಸೈನ್ ಕ ಕಾಸ್ ಕ − ಕಾಸ್ ಕ = ಕಾಸ್ ಕ (2 ಸೈನ್ ಕ − 1) = 0

ಕಾಸ್ ಕ = 0 ಎಂಬುದು ಲಂಬ ಅಕ್ಷವೇ; ಅದು ವೃತ್ತವನ್ನು 90° ಮತ್ತು 270°ಯಲ್ಲಿ ಕತ್ತರಿಸುತ್ತದೆ. ಹೀಗೆ ಉತ್ತರಗಳು ನಾಲ್ಕು: 30°, 90°, 150°, 270°. ಅಂಕ ಕಳೆದುಕೊಳ್ಳುವ ಕಾರಣಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಕೋನವಿರುವ ಯಾವುದೇ ಬೀಜೋಕ್ತಿಯಿಂದ ಭಾಗಿಸಬೇಡಿ. ಸಂಖ್ಯೆಯಿಂದ ಮಾತ್ರ ಭಾಗಿಸಿ.

ಸೈನ್ ಮತ್ತು ಕಾಸ್ ಎರಡೂ ಇದ್ದಾಗ

2 ಸೈನ್² ಕ + 5 ಕಾಸ್ ಕ + 1 = 0

ಇಲ್ಲಿ ಎರಡು ಬೇರೆ ಬೇರೆ ಅಪರಿಚಿತಗಳಿರುವಂತೆ ತೋರುತ್ತದೆ, ಆದ್ದರಿಂದ ನೇರವಾಗಿ ಅಪವರ್ತಿಸಲು ಬರುವುದಿಲ್ಲ. ಸೈನ್² ಕ + ಕಾಸ್² ಕ = 1 ಎಂಬ ನಿತ್ಯಸಮೀಕರಣ ಇದಕ್ಕೇ ಇರುವುದು. ಯಾವುದನ್ನು ಬದಲಿಸಬೇಕು ಎಂಬ ಸಂದೇಹ ಬಂದರೆ ವರ್ಗವಿಲ್ಲದೆ ನಿಂತಿರುವುದು ಯಾವುದು ಎಂದು ನೋಡಿ. ಕಾಸ್ ಕ ಒಂಟಿಯಾಗಿ ನಿಂತಿದೆ, ಅದನ್ನು ಸೈನ್‌ಗೆ ಬದಲಿಸಹೋದರೆ ವರ್ಗಮೂಲ ಬರುತ್ತದೆ. ಆದ್ದರಿಂದ ಅದು ಹಾಗೇ ಇರಲಿ, ಸೈನ್² ಕ ಇದ್ದಲ್ಲಿ 1 − ಕಾಸ್² ಕ ಎಂದು ಬರೆಯೋಣ. ಎಲ್ಲ ಚಿಹ್ನೆಗಳನ್ನೂ ಬದಲಿಸಿ ಜೋಡಿಸಿದರೆ:

2 ಕಾಸ್² ಕ − 5 ಕಾಸ್ ಕ − 3 = 0
(2 ಕಾಸ್ ಕ + 1)(ಕಾಸ್ ಕ − 3) = 0

ಎರಡನೆಯ ಅಪವರ್ತನದಿಂದ ಕಾಸ್ ಕ = 3 ಎಂದು ಬರುತ್ತದೆ. ಮೂರು ಮಾನ ಬಲಕ್ಕೆ ನಿಂತ ಗೆರೆ ಒಂದು ಮಾನ ತ್ರಿಜ್ಯದ ವೃತ್ತವನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಅಲ್ಲಿ ಉತ್ತರವಿಲ್ಲ. ‘ಇದು ಸಾಧ್ಯವಿಲ್ಲ’ ಎಂದು ಕಾರಣಸಹಿತ ಬರೆಯುವುದೂ ಉತ್ತರದ ಭಾಗವೇ, ಅದನ್ನು ಬಿಡಬೇಡಿ. ಕಾಸ್ ಕ = −1/2 ಎಂಬ ಗೆರೆ ಎಡಕ್ಕಿದೆ; ಉತ್ತರಗಳು 120° ಮತ್ತು 240°.

ಕೆಲವೊಮ್ಮೆ ಸೈನ್, ಕಾಸ್ ಎರಡೂ ಒಂಟಿಯಾಗಿಯೂ ಜೊತೆಯಾಗಿಯೂ ನಿಂತಿರುತ್ತವೆ, ನಾಲ್ಕು ಪದಗಳಿರುತ್ತವೆ. ಆಗ ನಿತ್ಯಸಮೀಕರಣ ಬೇಡ, ಎರಡೆರಡು ಪದಗಳನ್ನು ಗುಂಪು ಮಾಡಿದರೆ ಸಾಕು:

4 ಸೈನ್ ಕ ಕಾಸ್ ಕ + 2 ಸೈನ್ ಕ − 2 ಕಾಸ್ ಕ − 1 = 0
2 ಸೈನ್ ಕ (2 ಕಾಸ್ ಕ + 1) − 1(2 ಕಾಸ್ ಕ + 1) = 0
(2 ಸೈನ್ ಕ − 1)(2 ಕಾಸ್ ಕ + 1) = 0

ಒಂದು ಅಡ್ಡಗೆರೆ, ಒಂದು ನೆಟ್ಟಗೆರೆ. ಉತ್ತರಗಳು 30°, 120°, 150°, 240°.

ಕೋನವೇ ಇಮ್ಮಡಿಯಾಗಿದ್ದರೆ

ಸೈನ್ 2ಕ = 1/2 ಎಂದಿದ್ದಾಗ 2ಕ = 30° ಅಥವಾ 150°, ಆದ್ದರಿಂದ ಕ = 15° ಅಥವಾ 75° ಎಂದು ನಿಲ್ಲಿಸುವುದು ಅರ್ಧ ಕೆಲಸ. ಕ ಒಂದು ಸುತ್ತು ಮುಗಿಸುವಷ್ಟರಲ್ಲಿ 2ಕ ಎರಡು ಸುತ್ತು ಹಾಕಿರುತ್ತದೆ. ಆದ್ದರಿಂದ 2ಕ ಎಂಬುದಕ್ಕೆ 720°ವರೆಗಿನ ಬೆಲೆಗಳನ್ನೆಲ್ಲ ಮೊದಲು ಬರೆದುಕೊಳ್ಳಿ: 30°, 150°, 390°, 510°. ಕೊನೆಯಲ್ಲಿ ಎಲ್ಲವನ್ನೂ 2ರಿಂದ ಭಾಗಿಸಿ: 15°, 75°, 195°, 255°. ಭಾಗಿಸುವುದು ಯಾವಾಗಲೂ ಕೊನೆಯ ಹೆಜ್ಜೆಯಾಗಿರಲಿ.

ವರ್ಗ ಮಾಡಿದರೆ ಬರುವ ಹುಸಿ ಉತ್ತರಗಳು

ಸೈನ್ ಕ + ಕಾಸ್ ಕ = 1

ಎರಡೂ ಬದಿಯನ್ನು ವರ್ಗ ಮಾಡಿದರೆ 1 + 2 ಸೈನ್ ಕ ಕಾಸ್ ಕ = 1, ಅಂದರೆ 2 ಸೈನ್ ಕ ಕಾಸ್ ಕ = 0. ಇದರಿಂದ 0°, 90°, 180°, 270° ಎಂಬ ನಾಲ್ಕು ಕೋನಗಳು ಬರುತ್ತವೆ. ಮೂಲ ಸಮೀಕರಣದಲ್ಲಿಟ್ಟು ತಾಳೆ ನೋಡಿದರೆ 180° ಮತ್ತು 270°ಯಲ್ಲಿ ಎಡಬದಿ −1 ಆಗುತ್ತದೆ, ಅವು ಸಲ್ಲುವುದಿಲ್ಲ. ವರ್ಗ ಮಾಡಿದಾಗ 1 ಮತ್ತು −1ರ ನಡುವಿನ ಭೇದ ಅಳಿಸಿಹೋಗುತ್ತದೆ, ಹುಸಿ ಉತ್ತರಗಳು ನುಸುಳುವುದು ಅದರಿಂದಲೇ. ಭಾಗಿಸಿದಾಗ ಉತ್ತರಗಳು ಕಳೆದುಹೋಗುತ್ತವೆ, ವರ್ಗ ಮಾಡಿದಾಗ ಇಲ್ಲದವು ಸೇರಿಕೊಳ್ಳುತ್ತವೆ. ಕಳೆದದ್ದನ್ನು ತಾಳೆ ನೋಡಿ ಮರಳಿ ಪಡೆಯಲಾಗದು, ಸೇರಿದ್ದನ್ನು ತಾಳೆ ನೋಡಿ ತೆಗೆಯಬಹುದು. ಇಲ್ಲಿಯಂತೂ ವರ್ಗವೇ ಬೇಕಿರಲಿಲ್ಲ. ಅಡ್ಡ ದೂರ ಮತ್ತು ಎತ್ತರ ಕೂಡಿದರೆ 1 ಆಗುವ ಬಿಂದುಗಳೆಲ್ಲ ಒಂದೇ ಓರೆಗೆರೆಯ ಮೇಲಿವೆ. ಆ ಗೆರೆ ವೃತ್ತದ ಬಲತುದಿ ಮತ್ತು ನೆತ್ತಿಯ ಮೂಲಕ ಹಾದುಹೋಗುತ್ತದೆ. 0° ಮತ್ತು 90° ಎಂದು ಹಾಳೆಯೇ ಹೇಳುತ್ತದೆ.

ಎಲ್ಲ ಸುತ್ತುಗಳ ಉತ್ತರ

‘ಜನರಲ್ ಸೊಲ್ಯೂಷನ್’ ಕೇಳಿದಾಗ ಒಂದು ಸುತ್ತಿಗೆ ಸೀಮಿತವಾಗದೆ ಎಲ್ಲ ಕೋನಗಳನ್ನೂ ಹೇಳಬೇಕು. ಒಂದು ಉತ್ತರ ಅ ಎಂದಿರಲಿ. ಕಾಸ್‌ನ ನೆಟ್ಟಗೆರೆ ಮೇಲೆ ಕೆಳಗೆ ಸಮವಾಗಿ ಕತ್ತರಿಸುವುದರಿಂದ ಕ = 360°ನ ± ಅ. ಟ್ಯಾನ್‌ನ ಗೆರೆ ಎದುರುಬದುರಾಗಿ ಕತ್ತರಿಸುವುದರಿಂದ ಅರ್ಧ ಸುತ್ತಿಗೊಮ್ಮೆ ಉತ್ತರ: ಕ = 180°ನ + ಅ. ಸೈನ್‌ನ ಎರಡು ಉತ್ತರಗಳು ಅ ಮತ್ತು 180° − ಅ. ಅಂದರೆ ನ ಸಮಸಂಖ್ಯೆಯಾದಾಗ 180°ನ ಎಂಬುದಕ್ಕೆ ಅ ಕೂಡಿಸಬೇಕು, ಬೆಸಸಂಖ್ಯೆಯಾದಾಗ ಕಳೆಯಬೇಕು. ಪುಸ್ತಕದ ಸೂತ್ರದಲ್ಲಿ −1ರ ನ-ನೆಯ ಘಾತ ಕಾಣಿಸಿಕೊಳ್ಳುವುದು ಇದೊಂದೇ ಕಾರಣಕ್ಕೆ. ನಮ್ಮ ಮೊದಲ ಸಮೀಕರಣದ ಮೂರು ಉತ್ತರಗಳು 120° ಅಂತರದಲ್ಲಿ ಇದ್ದುದರಿಂದ ಅಲ್ಲಿ ಸೂತ್ರವನ್ನೂ ಮರೆತು ಕ = 90° + 120°ನ ಎಂದು ಒಂದೇ ಸಾಲಿನಲ್ಲಿ ಬರೆಯಬಹುದು.

18°ಯ ಸಮೀಕರಣ

ಈ ವಿಧಾನದ ಸೊಗಸನ್ನು ಪೂರ್ತಿಯಾಗಿ ತೋರಿಸುವ ಸಮೀಕರಣವೊಂದಿದೆ:

ಕಾಸ್ 3ಕ = ಸೈನ್ 2ಕ

ಕಾಸ್ 3ಕ = 4 ಕಾಸ್³ ಕ − 3 ಕಾಸ್ ಕ ಎಂಬ ಸೂತ್ರವನ್ನು ಬಳಸಿ, ಎಲ್ಲವನ್ನೂ ಎಡಕ್ಕೆ ತಂದು, ಕಾಸ್ ಕ ಹೊರತೆಗೆಯಿರಿ:

ಕಾಸ್ ಕ (4 ಕಾಸ್² ಕ − 3 − 2 ಸೈನ್ ಕ) = 0

ಆವರಣದೊಳಗೆ ಸೈನ್ ಕ ಒಂಟಿಯಾಗಿದೆ, ಆದ್ದರಿಂದ ಕಾಸ್² ಕ ಎಂಬುದನ್ನು 1 − ಸೈನ್² ಕ ಎಂದು ಬದಲಿಸಿದರೆ ಅದು 4 ಸೈನ್² ಕ + 2 ಸೈನ್ ಕ − 1 = 0 ಆಗುತ್ತದೆ. ಇದು ಪೂರ್ಣಾಂಕಗಳಲ್ಲಿ ಒಡೆಯುವುದಿಲ್ಲ. ಅಪವರ್ತನ ಕೈಕೊಟ್ಟಲ್ಲಿ ವರ್ಗ ಸಮೀಕರಣದ ಸೂತ್ರವಿದ್ದೇ ಇದೆ: ಸೈನ್ ಕ = (−1 ± √5)/4, ಅಂದರೆ ಸುಮಾರು 0.309 ಮತ್ತು −0.809. ನಿಮ್ಮ ಹಾಳೆಯಲ್ಲಿ 1.55 ಸೆಂಟಿಮೀಟರ್ ಮೇಲೆ ಒಂದು ಗೆರೆ, 4.05 ಸೆಂಟಿಮೀಟರ್ ಕೆಳಗೆ ಇನ್ನೊಂದು ಎಳೆದು ಅಳೆಯಿರಿ. ಮೇಲಿನದು 18° ಮತ್ತು 162°, ಕೆಳಗಿನದು 234° ಮತ್ತು 306°. ಕಾಸ್ ಕ = 0 ಎಂಬುದರಿಂದ 90° ಮತ್ತು 270°. ಒಟ್ಟು ಆರು.

18°ಯ ಸೈನ್ (√5 − 1)/4 ಎಂಬ ನಿಖರ ಬೆಲೆ ಭಾಸ್ಕರಾಚಾರ್ಯರಿಗೆ ತಿಳಿದಿತ್ತು. 1150ರಲ್ಲಿ ರಚಿಸಿದ ಸಿದ್ಧಾಂತ ಶಿರೋಮಣಿಯಲ್ಲಿ ಸೈನ್ ಬೆಲೆಗಳನ್ನು ಕಂಡುಹಿಡಿಯುವ ಜ್ಯೋತ್ಪತ್ತಿ ಎಂಬ ಭಾಗದಲ್ಲಿ ಅವರು ಅದನ್ನು ಕೊಟ್ಟಿದ್ದಾರೆ. ಸಹ್ಯಾದ್ರಿಯ ಆಶ್ರಯದಲ್ಲಿದ್ದ ಅವರ ಊರು ನಮ್ಮ ವಿಜಯಪುರವೋ ಚಾಳೀಸಗಾಂವ್ ಬಳಿಯ ಪಾಟಣವೋ ಎಂಬ ಚರ್ಚೆ ಇನ್ನೂ ಇದೆ. ಎರಡೂ ಕಡೆಯವರಿಗೆ ಸೇರಿದ ಗಣಿತವಂತೂ ಇದು ಹೌದು.

ಈಗ ಆರೂ ಬಿಂದುಗಳನ್ನು ವೃತ್ತದ ಮೇಲೆ ಗುರುತಿಸಿ. 18°, 90°, 162°, 234°, 306° ಇವುಗಳ ನಡುವಿನ ಅಂತರ ಪ್ರತಿ ಸಲವೂ 72°. ಅವು ಸಮಪಂಚಭುಜದ ಐದು ಶೃಂಗಗಳು. 270° ಮಾತ್ರ ಹೊರಗೆ ಒಂಟಿಯಾಗಿ, ಪಂಚಭುಜದ ತಳಬಾಹುವಿನ ಕೆಳಗೆ ನಿಂತಿದೆ. ಇದಕ್ಕೆ ಕಾರಣವೂ ಇದೆ. ಸೈನ್ 2ಕ ಎಂಬುದನ್ನು ಕಾಸ್ (90° − 2ಕ) ಎಂದು ಬರೆದರೆ ಎರಡೂ ಬದಿಯಲ್ಲಿ ಕಾಸ್ ಬರುತ್ತದೆ, ಮೇಲೆ ಕಂಡ ± ಚಿಹ್ನೆ ಎರಡು ದಾರಿಗಳನ್ನು ಕೊಡುತ್ತದೆ. ಧನ ಚಿಹ್ನೆಯಿಂದ 5ಕ = 90° + 360°ನ, ಅಂದರೆ ಕ = 18° + 72°ನ: ಇದೇ ಪಂಚಭುಜ. ಋಣ ಚಿಹ್ನೆಯಿಂದ ಕ = 360°ನ − 90°: ಇದು ಒಂಟಿ ಬಿಂದು 270°. ಬೀಜಗಣಿತದ ದಾರಿಯಿಂದ ಬಂದ ಆರು ಉತ್ತರಗಳು ಬೇರೊಂದು ದಾರಿಯಿಂದಲೂ ಆರೇ ಬಂದವು. ಸಮಯವಿದ್ದಾಗ ಹೀಗೆ ಎರಡನೆಯ ದಾರಿಯಿಂದ ಎಣಿಕೆ ತಾಳೆ ನೋಡುವುದು, ಒಂದೊಂದೇ ಕೋನವನ್ನು ಸಮೀಕರಣದಲ್ಲಿಟ್ಟು ನೋಡುವುದಕ್ಕಿಂತ ಹೆಚ್ಚು ಭದ್ರ. ಏಕೆಂದರೆ ಬಿಟ್ಟುಹೋದ ಉತ್ತರವನ್ನು ಹಿಡಿದುಕೊಡುವುದು ಎಣಿಕೆಯೇ.

ಅಭ್ಯಾಸಕ್ಕೆ ಮೂರು ಸಮೀಕರಣಗಳು. 2 ಕಾಸ್² ಕ = √3 ಕಾಸ್ ಕ ಎಂಬುದರಲ್ಲಿ ಕಾಸ್ ಕ ಹೊಡೆದುಹಾಕದೆ ಹೊರತೆಗೆದರೆ 30°, 90°, 270°, 330° ಬರಬೇಕು. ಸೈನ್ ಕ ಟ್ಯಾನ್ ಕ = ಸೈನ್ ಕ ಎಂಬುದಕ್ಕೆ 0°, 45°, 180°, 225°; ಟ್ಯಾನ್ ಇರುವಲ್ಲೆಲ್ಲ 90° ಮತ್ತು 270° ಉತ್ತರವಾಗಿ ಬಂದಿಲ್ಲವೆಂದು ನೋಡಿಕೊಳ್ಳಿ, ಅಲ್ಲಿ ಟ್ಯಾನ್‌ಗೆ ಬೆಲೆಯೇ ಇಲ್ಲ. ಕಾಸ್ 2ಕ + 3 ಸೈನ್ ಕ = 2 ಎಂಬುದರಲ್ಲಿ ಕಾಸ್ 2ಕ ಇದ್ದಲ್ಲಿ 1 − 2 ಸೈನ್² ಕ ಎಂದು ಬರೆದು ಅಪವರ್ತಿಸಿದರೆ 30°, 90°, 150° ಸಿಗುತ್ತವೆ.